ಜೋಡಿಮೊಲದ ಡಬ್ಬಿ

ಬಹಳ ಬಹಳ ಹಿಂದೆ, ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಗಿ ಮೋಡಗಳನ್ನು ಊಟಕ್ಕೆ ಕರೆದು ಬರುತ್ತಿದ್ದ ಕಾಲದಲ್ಲಿ, ಒಗ್ಗರಣೆಗೆರೆ ಎಂಬ ರಾಜ್ಯವಿತ್ತು. ಆ ರಾಜ್ಯದ ಜನ ಯುದ್ಧಕ್ಕೆ ಅಷ್ಟಾಗಿ ಹೋಗುತ್ತಿರಲಿಲ್ಲ, ಊಟಕ್ಕೆ ಮಾತ್ರ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ತಿಂಡಿತಿನಿಸಿನ ದೊಡ್ಡ ದೊಡ್ಡ ಕಂಪನಿಗಳಿದ್ದವು. ಮೀಸೆಹುಲಿ ಮಾರ್ಕಿನ ಇಂಗು, ಹಾರುಮೀನು ಮಾರ್ಕಿನ ಟೀಪುಡಿ, ಜೋಡಿಮೊಲ ಮಾರ್ಕಿನ ಬಿಸ್ಕತ್ತು, ಬಿಳಿನವಿಲು ಮಾರ್ಕಿನ ತುಪ್ಪ.

ದೀಪಾವಳಿ ಬಂತೆಂದರೆ ಈ ಕಂಪನಿಯವರು ಹೆಚ್ಚು ಸಾಮಾನು ಕೊಂಡವರಿಗೆ ಬಣ್ಣದ ಚಿತ್ರ ಬರೆದ ತಗಡಿನ ಡಬ್ಬಿಯನ್ನು ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಸಿಕ್ಕರೆ ಯಾರು ಬಿಡುತ್ತಾರೆ? ಬಿಸ್ಕತ್ತು ವಾರದಲ್ಲಿ ಮುಗಿದುಹೋಗುತ್ತಿತ್ತು, ಡಬ್ಬಿ ಅಜ್ಜಿಯಿಂದ ಮೊಮ್ಮಗಳವರೆಗೆ ಉಳಿಯುತ್ತಿತ್ತು. ಉಳಿದ ಡಬ್ಬಿ ಸುಮ್ಮನೆ ಕೂರುತ್ತದೆಯೇ? ಬಿಸ್ಕತ್ತಿನ ಡಬ್ಬಿಗೆ ಹಪ್ಪಳ ಬಂತು, ತುಪ್ಪದ ಡಬ್ಬಿಗೆ ಮೆಣಸಿನಕಾಯಿ ಬಂತು. ಡಬ್ಬಿಯ ಮೇಲೆ ಬರೆದದ್ದೇ ಡಬ್ಬಿಯ ಒಳಗೂ ಇರುವ ಅಡುಗೆಮನೆಯೇ ಆ ರಾಜ್ಯದಲ್ಲಿ ಇರಲಿಲ್ಲ. ಮನೆಗೆ ಹೊಸದಾಗಿ ಬಂದ ಸೊಸೆ ನೆಂಟರಿಗೆ ಟೀ ಕಾಸಲು ಹೋಗಿ ಕೊತ್ತಂಬರಿ ಬೀಜ ಕುದಿಸುವುದು ಎಲ್ಲ ಮನೆಯಲ್ಲೂ ಒಂದು ಸಲ ನಡೆಯಲೇಬೇಕಿತ್ತು.

ಈ ರಾಜ್ಯದಲ್ಲಿ ಹೊನ್ನಾಜಿ ಎಂಬ ಹುಡುಗಿ ತನ್ನ ಅವ್ವ ದ್ಯಾವಮ್ಮನ ಜೊತೆ ಇದ್ದಳು. ತಾಯಿ ಮಗಳು ಹುಚ್ಚೆಳ್ಳು ಪುಡಿ ಕುಟ್ಟಿ ಊರೂರಿಗೆ ಮಾರುತ್ತಿದ್ದರು. ಹೊನ್ನಾಜಿಗೆ ಹಳೆಯ ಡಬ್ಬಿಗಳ ಹುಚ್ಚು. ಪುಡಿ ಕೊಟ್ಟು ದುಡ್ಡಿನ ಬದಲು ಡಬ್ಬಿ ತರುವಳು. ತಂದದ್ದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅಂಚಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ, ಎಳೆಬಿಸಿಲಿಗಿಟ್ಟು, ಮರದ ಪೆಟ್ಟಿಗೆಯೊಳಗೆ ಸೇರಿಸುವಳು. ಆ ಪೆಟ್ಟಿಗೆಯ ಡಬ್ಬಿಗಳಿಗೆ ಒಂದು ಸಾಸಿವೆಕಾಳನ್ನೂ ಯಾರೂ ಹಾಕುವ ಹಾಗಿರಲಿಲ್ಲ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ದ್ಯಾವಮ್ಮ ನಗುತ್ತಿದ್ದಳು. ನಗು ಎಷ್ಟು ದಿನ ನಡೆದೀತು?

ಒಂದು ಬೆಳಿಗ್ಗೆ ಹೊನ್ನಾಜಿ ಜೋಡಿಮೊಲದ ಹಳೆಯ ಡಬ್ಬಿಯೊಂದನ್ನು ಒರೆಸುತ್ತ ಕೂತಿದ್ದಳು. ಎರಡು ಮೊಲಗಳು ಹುಲ್ಲಿನ ಮೇಲೆ ಕೂತು ಒಂದೇ ಬಿಸ್ಕತ್ತನ್ನು ಆ ಕಡೆಯಿಂದೊಂದು ಈ ಕಡೆಯಿಂದೊಂದು ಕಚ್ಚುತ್ತಿರುವ ಚಿತ್ರ. ಬಣ್ಣ ಇನ್ನೂ ಹೊಸದರ ಹಾಗಿತ್ತು.

"ಬರಿ ಡಬ್ಬಿ ಮುಚ್ಚಿಡಬಾರದು ಕಣೆ, ಮನೆಗೆ ಒಳ್ಳೇದಲ್ಲ. ಒಳಗೆ ಏನಾದ್ರೂ ಚೂರು ಹಾಕಿಡು" ಎಂದಳು ದ್ಯಾವಮ್ಮ.

"ಹಾಕಿದ್ರೆ ಗೀರು ಬೀಳುತ್ತೆ. ನೀನು ಮುಟ್ಟಬೇಡ."

"ನಾನು ಮುಟ್ಟಿದ್ರೆ ಸವೆದು ಹೋಗುತ್ತಾ? ನನಗಿಂತ ಆ ತಗಡೇ ಹೆಚ್ಚಾಯ್ತಾ ನಿನಗೆ?"

"ಹೂಂ, ಹೆಚ್ಚು" ಎಂದುಬಿಟ್ಟಳು ಹೊನ್ನಾಜಿ. ಎಂದವಳು ತಿರುಗಿಯೂ ನೋಡದೆ ಪುಡಿಯ ಬುಟ್ಟಿ ಹೊತ್ತು ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ರಾಜ್ಯದ ಗಡಿಯಾಚೆ ಮುಚ್ಚಳಯ್ಯ ಎಂಬ ಮಾಂತ್ರಿಕನಿದ್ದ. ಅವನಿಗೂ ಡಬ್ಬಿಗಳೆಂದರೆ ಪ್ರಾಣ. ಆದರೆ ಅಡುಗೆಮನೆಗಳಲ್ಲಿ ಹೆಂಗಸರು ಡಬ್ಬಿಗೆ ಚಮಚ ಹಾಕಿ ಕೆರೆಯುವ ಸದ್ದು ಗಾಳಿಯಲ್ಲಿ ಬಂದು ಅವನ ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಯಾರೋ ತನ್ನ ಚರ್ಮವನ್ನೇ ಕೆರೆದ ಹಾಗಾಗುತ್ತಿತ್ತು. ಆ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಕೋಟೆಯ ಮೇಲೆ ನಿಂತು ಬಿಗಿಮಂತ್ರ ಹಾಕಿದ. ಒಗ್ಗರಣೆಗೆರೆಯ ಸಕಲ ಡಬ್ಬಿಗಳ ಮುಚ್ಚಳಗಳೂ ಬಿಗಿದುಕೊಂಡವು.

"ಇಂದಿನಿಂದ ಯಾರೂ ಯಾವ ಡಬ್ಬಿಯನ್ನೂ ತೆರೆಯತಕ್ಕದ್ದಲ್ಲ" ಎಂದು ಆಕಾಶದಲ್ಲಿ ದನಿ ಮೊಳಗಿತು. "ಬಲವಂತ ಮಾಡಿದವರು ಡಬ್ಬಿಯ ಮೇಲಿನ ಚಿತ್ರವಾಗುತ್ತಾರೆ."

ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಆಕಾಶದ ಮಾತು ಯಾರು ಕೇಳುತ್ತಾರೆ? ಚಾಕು ಹಾಕಿ ಮೀಟಿದವರು, ಸೌಟಿನ ಹಿಡಿ ಹಾಕಿ ಎಬ್ಬಿಸಿದವರು, ಎಲ್ಲರೂ ಡಬ್ಬಿಯ ಚಿತ್ರದೊಳಗೆ ಸೇರಿಹೋದರು. ಅವರು ಒಳಗೆ ಹೋದ ಹಾಗೆ ಚಿತ್ರದಲ್ಲಿದ್ದ ಪ್ರಾಣಿಗಳು ಹೊರಗೆ ಬಂದವು. ಆಮೇಲೆ ಜನ ಸೇರಿದ ಡಬ್ಬಿಗಳೆಲ್ಲ ಮೇಲೆದ್ದು ಮುಚ್ಚಳಯ್ಯನ ಕೋಟೆಯ ಕಡೆ ಹಾರಿಹೋದವು. ಪ್ರಾಣಿಗಳೂ ಅವುಗಳ ಹಿಂದೆ ಹೋದವು.

ಹೊನ್ನಾಜಿ ಮನೆಗೆ ಬಂದಾಗ ಅಂಗಳದಲ್ಲಿ ಕರುವಿನ ಗಾತ್ರದ ಎರಡು ಮೊಲಗಳು ಕೂತಿದ್ದವು. ಅಡುಗೆಮನೆಯ ನೆಲದ ಮೇಲೆ ಜೋಡಿಮೊಲದ ಡಬ್ಬಿ ಬಿದ್ದಿತ್ತು. ಹುಲ್ಲು ಅಲ್ಲೇ ಇತ್ತು, ಬಿಸ್ಕತ್ತೂ ಅಲ್ಲೇ ಇತ್ತು. ಮೊಲಗಳಿದ್ದ ಜಾಗದಲ್ಲಿ ಸೌಟು ಹಿಡಿದ ದ್ಯಾವಮ್ಮ ನಿಂತಿದ್ದಳು, ಬಣ್ಣದ ಚಿತ್ರವಾಗಿ. ಹೊನ್ನಾಜಿ ಕೈ ಚಾಚುವಷ್ಟರಲ್ಲಿ ಡಬ್ಬಿ ಬೆಳಕಿಂಡಿಯಿಂದ ಹಾರಿಹೋಯಿತು. ಮೊಲಗಳೂ ನೆಗೆಯುತ್ತ ಹೊರಟವು.

ಅವ್ವನಿಗೆ ತಾನು ಆಡಿದ ಕೊನೆಯ ಮಾತು ಏನೆಂಬುದು ಹೊನ್ನಾಜಿಗೆ ನೆನಪಾಯಿತು. ಅದನ್ನು ಹೊತ್ತುಕೊಂಡು ಬದುಕುವುದು ತನ್ನಿಂದ ಆಗದು ಎನ್ನಿಸಿತು. ಪೆಟ್ಟಿಗೆಯಿಂದ ಬಿಳಿನವಿಲಿನ ತುಪ್ಪದ ಡಬ್ಬಿಯನ್ನು ತೆಗೆದುಕೊಂಡಳು. ಅವಳ ಹತ್ತಿರ ಇದ್ದದ್ದರಲ್ಲೆಲ್ಲ ಅದೇ ಅಪರೂಪದ್ದು, ಅದರ ಜೋಡಿ ಎಲ್ಲೂ ಸಿಗುತ್ತಿರಲಿಲ್ಲ. ಆಕಾಶದಲ್ಲಿ ಕೂಗಿದವನಿಗೆ ಇದನ್ನು ಕೊಟ್ಟಾದರೂ ಅವ್ವನನ್ನು ಬಿಡಿಸಿಕೊಳ್ಳೋಣವೆಂದು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿ, ಮೊಲಗಳ ಹೆಜ್ಜೆ ಹಿಡಿದು ನಡೆದಳು.

ನಡೆದು ನಡೆದು ಒಂದು ಕಣಿವೆ ಸಿಕ್ಕಿತು. ಕಣಿವೆಯ ಬಾಯಲ್ಲಿ ಮೀಸೆಹುಲಿ ಕೂತಿತ್ತು, ಆನೆಯಷ್ಟು ದೊಡ್ಡದಾಗಿ. ಅದರ ಮುಂದೆ ಪುಟ್ಟ ಇಂಗಿನ ಡಬ್ಬಿ, ಡಬ್ಬಿಯ ಮೇಲೆ ಒಬ್ಬ ಮುದುಕಿಯ ಚಿತ್ರ. ಸುತ್ತಲಿನ ಬಂಡೆಗಳ ಮೇಲೆ, ಜನರನ್ನು ಬಿಡಿಸಲು ಮೊದಲೇ ಓಡಿಬಂದಿದ್ದ ರಾಜನ ಸೈನಿಕರೆಲ್ಲ ಚಿತ್ರವಾಗಿ ನಿಂತಿದ್ದರು, ಕುದುರೆಗಳ ಸಮೇತ.

"ನಿಲ್ಲು" ಎಂದಿತು ಹುಲಿ. "ಮುಚ್ಚಳ ತೆಗೆಯದೆ ಹೇಳು, ಒಳಗೇನಿದೆ? ಹೇಳಿದರೆ ದಾರಿ, ತಪ್ಪಿದರೆ ಚಿತ್ರ. ಇದು ಬಿಗಿಮಂತ್ರದ ಕಟ್ಟಳೆ."

"ಇವರೆಲ್ಲ ಏನಂದ್ರು?"

"ಇಂಗು ಅಂದ್ರು. ತಪ್ಪಿದವರು ಕಾಲಿನಿಂದ ಚಿತ್ರವಾಗ್ತಾ ಬರ್ತಾರೆ. ಬಾಯಿವರೆಗೆ ಬರೋದ್ರೊಳಗೆ ಸರಿಯಾಗಿ ಹೇಳಿದ್ರೆ ಬಿಡುಗಡೆ. ಇವರು ಇಂಗು ಇಂಗು ಅಂತ ಅದನ್ನೇ ಜೋರುಜೋರಾಗಿ ಕೂಗ್ತಾ ಹೋದ್ರು. ಮೇಲೆ ಬರೆದಿದೆಯಲ್ಲ ಅನ್ನೋದೇ ಅವರ ಹಟ."

"ಅಲ್ಲಾಡಿಸಿ ನೋಡಬಹುದಾ?"

ಹುಲಿ ಮೀಸೆ ಕೆರೆದುಕೊಂಡು ಯೋಚಿಸಿತು. "ಅಲ್ಲಾಡಿಸಬಾರದು ಅಂತ ಯಾರೂ ಹೇಳಿಲ್ಲ. ಇಲ್ಲಿಯವರೆಗೆ ಕೇಳಿದವರೂ ಇಲ್ಲ."

ಹೊನ್ನಾಜಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕಿಣಿಕಿಣಿ, ನಡುವೆ ಸಣ್ಣಗೆ ಟಕಟಕ. ಮುದುಕಿಯ ಮನೆ, ಅಂಗೈಯಗಲದ ಡಬ್ಬಿ, ಗಟ್ಟಿ ಮುಚ್ಚಳ. ಇಂಥದ್ದು ತನ್ನ ಮನೆಯಲ್ಲೂ ಇಲ್ಲವೇ?

"ಸೂಜಿ, ಗುಂಡಿ" ಎಂದಳು.

ಮುಚ್ಚಳ ತಟ್ಟನೆ ಬಿಟ್ಟುಕೊಂಡಿತು. ಚಿತ್ರದಲ್ಲಿದ್ದ ಮುದುಕಿ ಹೊರಗೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡು, ಮೊದಲು ಡಬ್ಬಿಯೊಳಗೆ ಇಣುಕಿ ಗುಂಡಿಗಳು ಇವೆಯೇ ಎಂದು ನೋಡಿದಳು.

"ಹೊರಗೆ ಬಂದಾಗಿನಿಂದ ನನಗೆ ಮೀಸೆ ತೀಡೋದು ಬಿಟ್ರೆ ಬೇರೆ ಕೆಲಸ ಇಲ್ಲ" ಎಂದಿತು ಹುಲಿ. "ಒಲೆ ಪಕ್ಕದ ಗೂಡಲ್ಲಿ ಎಷ್ಟು ಬೆಚ್ಚಗಿದ್ದೆ." ಹಾಗೆನ್ನುತ್ತ ಸಣ್ಣದಾಗಿ, ಇನ್ನೂ ಸಣ್ಣದಾಗಿ, ತನ್ನ ಡಬ್ಬಿಯ ಮೇಲೆ ಹೋಗಿ ಕೂತಿತು. ಹೊನ್ನಾಜಿ ಮುಂದೆ ನಡೆದಳು.

ನಡೆದು ನಡೆದು ಒಂದು ಹೊಳೆ ಸಿಕ್ಕಿತು. ಹೊಳೆಯಲ್ಲಿ ಹಾರುಮೀನು ತೇಲುತ್ತಿತ್ತು, ದೋಣಿಯಷ್ಟು ಉದ್ದ, ಬಾಳೆಲೆಯಂಥ ರೆಕ್ಕೆ. ದಡದಲ್ಲಿ ಟೀಪುಡಿಯ ಡಬ್ಬಿ. ಅದರ ಮೇಲೆ ಮದುವೆಮನೆಯ ಅಡುಗೆಯವನೊಬ್ಬ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಚಿತ್ರವಾಗಿದ್ದ.

"ಮುಚ್ಚಳ ತೆಗೆಯದೆ ಹೇಳು, ಒಳಗೇನಿದೆ? ಹೇಳಿದರೆ ದಾರಿ, ತಪ್ಪಿದರೆ ಚಿತ್ರ" ಎಂದಿತು ಮೀನು.

ಒಮ್ಮೆ ಗೆದ್ದವರಿಗೆ ಎರಡನೆಯ ಸಲ ಅವಸರ ಜಾಸ್ತಿ. ಹೊನ್ನಾಜಿ ಡಬ್ಬಿಯನ್ನು ಅಲ್ಲಾಡಿಸಿದಳು. ಸರಸರ ಎಂದಿತು. ಸಣ್ಣ ಕಾಳು, ಇನ್ನೇನಿರುತ್ತದೆ?

"ರಾಗಿ" ಎಂದಳು.

ಅವಳ ಕಾಲುಬೆರಳುಗಳು ತಣ್ಣಗಾದವು. ನೋಡಿದರೆ ಪಾದಗಳು ಚಪ್ಪಟೆಯಾಗಿ, ನೀಲಿ ಬಣ್ಣವಾಗಿ ದಡದ ಬಂಡೆಗೆ ಅಂಟಿಕೊಂಡಿವೆ. ಬಣ್ಣ ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು. ಹೆದರಿಕೆಯಿಂದ ಅವಳ ಬಾಯಿಗೆ ಮತ್ತೆ "ರಾಗಿ" ಎಂಬ ಮಾತೇ ಬರತೊಡಗಿತು. ಬಂಡೆಗಳ ಮೇಲಿನ ಸೈನಿಕರು ಕಣ್ಣಿಗೆ ಕಟ್ಟಿದರು. ತುಟಿ ಬಿಗಿಹಿಡಿದು, ಕಣ್ಣು ಮುಚ್ಚಿ, ಡಬ್ಬಿಯನ್ನು ಮೆಲ್ಲಗೆ ಒಂದು ಕಡೆ ವಾಲಿಸಿ ಹಾಗೇ ಹಿಡಿದಳು. ಕೈ ನಿಂತ ಮೇಲೂ ಒಳಗಿನ ಕಾಳು ನಿಲ್ಲಲಿಲ್ಲ. ಒಂದರ ಹಿಂದೊಂದು ಉರುಳುತ್ತ ಹೋಗಿ ಆಮೇಲೆ ನಿಂತವು. ರಾಗಿ ಇಷ್ಟು ನುಣುಪಲ್ಲ, ಇಷ್ಟು ಹೊತ್ತು ಉರುಳುವುದಿಲ್ಲ.

"ಸಾಸಿವೆ" ಎಂದಳು, ಬಣ್ಣ ಕುತ್ತಿಗೆಗೆ ಬಂದಿದ್ದಾಗ.

ಮುಚ್ಚಳ ಬಿಟ್ಟುಕೊಂಡಿತು. ಬಣ್ಣ ಸರ್ರನೆ ಕೆಳಗಿಳಿಯಿತು, ಕಾಲುಬೆರಳ ತುದಿಯಲ್ಲಿ ಮಾತ್ರ ಒಂದಿಷ್ಟು ನೀಲಿ ಉಳಿಯಿತು. ಹೊರಗೆ ಬಂದ ಅಡುಗೆಯವನು "ಸಾರಿಗೆ ಒಗ್ಗರಣೆ ಬಿತ್ತಾ?" ಎಂದು ಕೇಳಿದ. ಪಾಪ, ಅವನು ಒಲೆಯ ಮುಂದೆ ನಿಂತ ಹಾಗೇ ಸಿಕ್ಕಿಬಿದ್ದಿದ್ದ. ಮೀನು ಹೊನ್ನಾಜಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿ, ಆಮೇಲೆ ತನ್ನ ಡಬ್ಬಿಗೆ ಹಿಂತಿರುಗಿತು.

ಹೊಳೆಯಾಚೆ ಮುಚ್ಚಳಯ್ಯನ ಕೋಟೆಯಿತ್ತು. ಕೋಟೆಯೆಂದರೆ ಅದೂ ಒಂದು ದೊಡ್ಡ ಡಬ್ಬಿಯೇ, ಮಾಡಿನ ಬದಲು ಮುಚ್ಚಳ. ಒಳಗೆ ನೆಲದಿಂದ ಮೇಲಿನವರೆಗೆ ಹಲಗೆಗಳು, ಹಲಗೆಗಳ ತುಂಬ ಡಬ್ಬಿಗಳು. ಒಂದು ಗೀರಿಲ್ಲ, ಒಂದು ತಗ್ಗಿಲ್ಲ, ಯಾವ ವಾಸನೆಯೂ ಇಲ್ಲ. ಮುಚ್ಚಳಯ್ಯ ಕೈಗವಸು ತೊಟ್ಟು, ಹೆಗಲ ಮೇಲೆ ಮೆತ್ತನೆಯ ಬಟ್ಟೆ ಹಾಕಿಕೊಂಡು ನಿಂತಿದ್ದ. ಅಡುಗೆ ಮಾಡಿದರೆ ಡಬ್ಬಿಗಳಿಗೆ ಜಿಡ್ಡು ಹತ್ತುತ್ತದೆಂದು ಅವನು ಗಾಳಿ ಕುಡಿದೇ ಬದುಕುತ್ತಿದ್ದ. ಅವನ ಕಾಲ ಬಳಿ ಆ ಎರಡು ಮೊಲಗಳು ಮುದುಡಿ ಕೂತಿದ್ದವು.

ಹೊನ್ನಾಜಿ ಗಂಟು ಬಿಚ್ಚಿ ನವಿಲಿನ ಡಬ್ಬಿಯನ್ನು ಮುಂದಿಟ್ಟಳು. "ಇದನ್ನ ತಗೊಳ್ಳಿ. ನಮ್ಮವ್ವನ್ನ ಕೊಡಿ."

ಮುಚ್ಚಳಯ್ಯನ ಕಣ್ಣು ಅರಳಿತು. "ಬಿಳಿನವಿಲು! ಇಷ್ಟು ವರ್ಷ ಹುಡುಕಿದರೂ ನನಗೆ ದೊರೆತಿರಲಿಲ್ಲ. ಅಂಚಿಗೆ ಎಣ್ಣೆ ಸವರಿರುವೆ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿರುವೆ. ನೀನು ನನ್ನ ಜಾತಿಯವಳು, ಮಗಳೇ."

ಹೊನ್ನಾಜಿಗೆ ನಾಚಿಕೆಯಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

"ಆದರೆ ಜನರಿರುವ ಡಬ್ಬಿ ಇನ್ನೂ ಅಪರೂಪದ್ದು. ಅದನ್ನು ಬದಲಿಗೆ ಕೊಡಲಾರೆ" ಎಂದು ಅವನು ಜೋಡಿಮೊಲದ ಡಬ್ಬಿಯನ್ನು ತಂದು ಎದುರಿಗಿಟ್ಟ. "ಕಟ್ಟಳೆಯಂತೆ ಗೆದ್ದುಕೋ. ಮುಚ್ಚಳ ತೆಗೆಯದೆ ಹೇಳು, ಒಳಗೇನಿದೆ?"

ಚಿತ್ರದಲ್ಲಿ ಅವ್ವ ಸೌಟು ಹಿಡಿದು ನೇರವಾಗಿ ಮಗಳನ್ನೇ ನೋಡುತ್ತಿದ್ದಳು. ಹೊನ್ನಾಜಿ ಡಬ್ಬಿಯನ್ನು ಅಲ್ಲಾಡಿಸಿದಳು. ಸದ್ದಿಲ್ಲ. ವಾಲಿಸಿ ಹಿಡಿದಳು. ಏನೂ ಉರುಳಲಿಲ್ಲ. ಮೂಸಿದಳು. ತಗಡಿನ ವಾಸನೆ, ಅಷ್ಟೇ. ಬರಿದು ಎನ್ನೋಣವೇ? ಬೆಳಿಗ್ಗೆ ತಾನೇ ಒರೆಸಿ ಮುಚ್ಚಿದ ಡಬ್ಬಿ. ಮುಟ್ಟಬೇಡ ಎಂದು ಅವ್ವನಿಗೆ ಹೇಳಿದ್ದೂ ತಾನೇ.

ಆದರೆ ಅವ್ವ ಯಾವತ್ತು ತನ್ನ ಮಾತು ಕೇಳಿದ್ದಾಳೆ?

ಹಾಗೆಂದುಕೊಂಡು ಡಬ್ಬಿಯನ್ನು ಬೆಳಕಿಗೆ ತಿರುಗಿಸಿದಳು. ಮುಚ್ಚಳದ ಅಂಚಿನಲ್ಲಿ ಒಂದು ಇರುವೆ ಹೊರಟಿತ್ತು. ಅದರ ಹಿಂದೆ ಇನ್ನೊಂದು. ಗಾಳಿ ಕುಡಿದು ಬದುಕುವವನ ಕೋಟೆಯಲ್ಲಿ ಇರುವೆಗೇನು ಕೆಲಸ? ಮನೆಯಿಂದಲೇ ಡಬ್ಬಿಯನ್ನು ಹಿಡಿದುಕೊಂಡು ಬಂದು, ಒಳಗೆ ಹೋಗಲು ಸಂದಿ ಸಿಗದೆ ಸುತ್ತುತ್ತಿವೆ. ಇರುವೆ ಮುತ್ತಬೇಕು, ಸದ್ದು ಮಾಡಬಾರದು, ತಳಕ್ಕೆ ಅಂಟಿ ಕೂರಬೇಕು.

"ಬೆಲ್ಲ" ಎಂದಳು ಹೊನ್ನಾಜಿ. "ಒಂದು ಚೂರು ಬೆಲ್ಲ."

ಮುಚ್ಚಳ ಬಿಟ್ಟುಕೊಂಡಿತು. ದ್ಯಾವಮ್ಮ ಸೌಟು ಹಿಡಿದುಕೊಂಡೇ ಹೊರಗೆ ಕಾಲಿಟ್ಟಳು. ಮೊಲಗಳು ಹಿಂದೆ ಮುಂದೆ ನೋಡದೆ ತಮ್ಮ ಬಿಸ್ಕತ್ತಿನ ಬಳಿಗೆ ಓಡಿದವು.

"ಬೈಬೇಡ ಕಣೆ" ಎಂದಳು ದ್ಯಾವಮ್ಮ ಮೊದಲು. "ಬರಿ ಡಬ್ಬಿ ಇಡೋಕೆ ಮನಸ್ಸು ಬರಲಿಲ್ಲ. ಬೆಲ್ಲ ಹಾಕಿದ್ದಕ್ಕೆ ಇರುವೆ ಮುತ್ತಿಕೊಂಡ್ವು. ನೀನು ಬರೋದ್ರೊಳಗೆ ಒರೆಸಿಡೋಣ ಅಂತ ತೆಗೆಯೋಕೆ ಹೋದೆ."

ಹೊನ್ನಾಜಿ ಅವ್ವನನ್ನು ತಬ್ಬಿಕೊಂಡು ಅತ್ತಳು. "ಬೆಳಿಗ್ಗೆ ನಾನಂದ ಮಾತು ಸುಳ್ಳು ಕಣವ್ವ" ಎಂದಳು.

"ಗೊತ್ತು ಬಿಡು. ಅದು ಸುಳ್ಳು ಅಂತ ನಿನಗಿಂತ ಮೊದಲೇ ನನಗೆ ಗೊತ್ತಿತ್ತು."

ತಾಯಿ ಮಗಳು ಬಾಗಿಲ ಕಡೆ ತಿರುಗಿದರು. ಮುಚ್ಚಳಯ್ಯ ಅಡ್ಡ ನಿಂತ. "ತಾಯಿಯನ್ನು ಕರೆದುಕೊಂಡು ಹೋಗು. ನವಿಲಿನ ಡಬ್ಬಿಯನ್ನು ಬಿಟ್ಟು ಹೋಗು."

ಹೊನ್ನಾಜಿ ಕೊಟ್ಟೇಬಿಡುತ್ತಿದ್ದಳು. ಆದರೆ ದ್ಯಾವಮ್ಮ ಅವಳ ಕೈ ತಡೆದಳು. "ಹಂಗೆಲ್ಲ ಕೊಡೋಕಾಗಲ್ಲಪ್ಪ. ನಿನ್ನ ಕಟ್ಟಳೆ ನಿನಗೂ ಉಂಟಲ್ಲ? ಒಳಗೇನಿದೆ ಹೇಳಿ ತಗೋ. ತಪ್ಪಿದರೆ ಚಿತ್ರ."

"ಅವ್ವಾ, ಬೇಡ" ಎಂದು ಹೊನ್ನಾಜಿ ಸೆರಗು ಜಗ್ಗಿದಳು. ನವಿಲಿನ ಡಬ್ಬಿಯನ್ನು ತಾನೇ ತೊಳೆದು ಒಣಗಿಸಿ ಇಟ್ಟಿದ್ದಳಲ್ಲ.

ಮುಚ್ಚಳಯ್ಯ ದಡ್ಡನಲ್ಲ. ಮೇಲೆ ತುಪ್ಪ ಎಂದು ಬರೆದಿದ್ದರೂ ಅವನು ತುಪ್ಪ ಎನ್ನಲಿಲ್ಲ. ಹೊನ್ನಾಜಿಯ ಮುಖವನ್ನು ನೋಡಿ ನಕ್ಕ. "ನಿಮ್ಮ ಅಡುಗೆಮನೆಗಳ ಗುಟ್ಟು ಈಗ ನನಗೂ ತಿಳಿಯಿತು. ಆದರೆ ಇದು ಅಡುಗೆಮನೆಯ ಡಬ್ಬಿಯಲ್ಲ, ಸಂಗ್ರಹಗಾರ್ತಿಯ ಡಬ್ಬಿ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಇವಳೂ ಮಾಡಿದ್ದಾಳೆ. ಒಳಗೆ ಏನೂ ಇಲ್ಲ."

ಹೊನ್ನಾಜಿ ಅವ್ವನ ಸೆರಗನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ದ್ಯಾವಮ್ಮ ಮಾತ್ರ ಸೌಟನ್ನು ಕಂಕುಳಲ್ಲಿ ಇಟ್ಟುಕೊಂಡು ನಕ್ಕಳು.

ಮುಚ್ಚಳಯ್ಯನ ಪಾದಗಳು ಚಪ್ಪಟೆಯಾದವು. ಅವನು ಕೆಳಗೆ ನೋಡಿ ಗಾಬರಿಯಾದ. "ತುಪ್ಪ" ಎಂದ. ಮೊಣಕಾಲು ಹೋಯಿತು. "ಇಂಗು, ಬಿಸ್ಕತ್ತು, ಟೀಪುಡಿ" ಎಂದ. ಸೊಂಟ ಹೋಯಿತು. ತನ್ನ ಹಲಗೆಗಳ ಮೇಲಿದ್ದ ಡಬ್ಬಿಗಳನ್ನೆಲ್ಲ ನೋಡುತ್ತ, ಅವುಗಳ ಮೇಲೆ ಬರೆದದ್ದನ್ನೆಲ್ಲ ಓದುತ್ತ ಹೋದ. ಓದುವುದಲ್ಲದೆ ಅವನಿಗೆ ಬೇರೆ ಗೊತ್ತಿರಲಿಲ್ಲ, ಒಂದು ಡಬ್ಬಿಯನ್ನೂ ಅವನು ಜನ್ಮದಲ್ಲಿ ತೆರೆದಿರಲಿಲ್ಲ. ಬಣ್ಣ ಬಾಯಿಗೆ ಬಂತು. ಮಾಡಿದ್ದುಣ್ಣೋ ಮಹರಾಯ.

"ಹುಣಸೆಹಣ್ಣು" ಎಂದಳು ದ್ಯಾವಮ್ಮ. ಮುಚ್ಚಳ ಬಿಟ್ಟುಕೊಂಡಿತು. ಬಟ್ಟೆಯಲ್ಲಿ ಸುತ್ತಿದ ಹುಣಸೆಯ ಉಂಡೆ ತಳಕ್ಕೆ ಅಂಟಿ ಕೂತಿತ್ತು.

"ಅವ್ವಾ, ನವಿಲಿನ ಡಬ್ಬಿಗೆ ಹುಣಸೆಹಣ್ಣಾ? ತುಕ್ಕು ಹಿಡಿಯುತ್ತಲ್ಲ" ಎಂದಳು ಹೊನ್ನಾಜಿ, ಪ್ರಾಣ ಉಳಿದದ್ದನ್ನೂ ಮರೆತು.

"ಅದಕ್ಕೇ ಬಟ್ಟೆ ಸುತ್ತಿದ್ದೀನಲ್ಲ. ನಿನ್ನ ಪೆಟ್ಟಿಗೆಯಲ್ಲಿರೋ ಎಲ್ಲದ್ರಲ್ಲೂ ಏನಾದ್ರೂ ಹಾಕಿದ್ದೀನಿ. ಹೇಳಿದ್ರೆ ಕೂಗಾಡ್ತಿದ್ದೆ."

ಡಬ್ಬಿಯ ಮೇಲಿಂದ ಬಿಳಿನವಿಲು ಕೆಳಗಿಳಿದು ಗರಿ ಕೊಡವಿಕೊಂಡು ಬಿಸಿಲಿಗೆ ನಡೆಯಿತು. ಅದಿದ್ದ ಜಾಗದಲ್ಲಿ ಮುಚ್ಚಳಯ್ಯ ಬಾಯಿ ತೆರೆದು ನಿಂತಿದ್ದ, ಡಬ್ಬಿಯೇ ಪ್ರಾಣವಾಗಿದ್ದವನು ಬಂಡೆಗಲ್ಲ, ಡಬ್ಬಿಗೇ ಅಂಟಿಕೊಂಡಿದ್ದ. ಬಿಗಿಮಂತ್ರ ಸಡಿಲಿತು. ಕೋಟೆಯ ಮುಚ್ಚಳ ಮೊದಲು ಹಾರಿತು, ಆಮೇಲೆ ಹಲಗೆಗಳ ಮೇಲಿನವು, ಆಮೇಲೆ ಒಗ್ಗರಣೆಗೆರೆಯ ಮನೆಮನೆಯವು. ಡಬ್ಬಿಗಳಿಂದ ಜನ ಇಳಿದರು, ಬಂಡೆಗಳಿಂದ ಸೈನಿಕರು ಕುದುರೆಗಳೊಂದಿಗೆ ಇಳಿದರು. ಆ ಸಂಜೆ ರಾಜ್ಯದ ಎಲ್ಲ ಒಲೆಗಳ ಮೇಲೂ ಸಾಸಿವೆ ಸಿಡಿಯಿತು. ಅರಮನೆಯಲ್ಲಿ ದೊರೆಗೆ ಕಣ್ಣೀರೇ ಬಂತಂತೆ, ಮೆಣಸಿನಕಾಯಿಯ ಘಾಟಿಗೋ ಸಂತೋಷಕ್ಕೋ ತಿಳಿಯದು.

ಮುಚ್ಚಳಯ್ಯನಿರುವ ಡಬ್ಬಿಯಲ್ಲಿ ದ್ಯಾವಮ್ಮ ಹುಣಸೆಹಣ್ಣನ್ನೇ ಇಟ್ಟುಕೊಂಡಳು. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುತ್ತಾಳೆ, ಹತ್ತು ಸಲ ಹಾಕುತ್ತಾಳೆ. ಬರಬರುತ್ತ ಅವನ ಮುಖದ ಸಿಡುಕು ಕಡಿಮೆಯಾಗಿದೆ ಎಂದು ನೋಡಿದವರು ಹೇಳುತ್ತಾರೆ. ಹುಳಿಯ ಪಕ್ಕದಲ್ಲಿದ್ದು ಯಾರ ಮುಖ ತಾನೆ ತಿಳಿಯಾದೀತು, ನನಗಂತೂ ನಂಬಿಕೆಯಿಲ್ಲ.

ಹೊನ್ನಾಜಿ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಳು. ಮನೆಯಲ್ಲಿ ಮದುವೆ, ಬಾಣಂತನ, ನೆಂಟರು ಎಂದು ಯಾರು ಬಂದು ಕೇಳಿದರೂ ಅವರಿಗೆ ಒಪ್ಪುವ ಡಬ್ಬಿಯನ್ನು ಹುಡುಕಿ ಕೊಟ್ಟು ಕಳಿಸುತ್ತಿದ್ದಳು. ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ಆ ರಾಜ್ಯದಲ್ಲಿ ಇಲ್ಲ. ಹೋದದ್ದು ಬರುವಾಗ ಚಕ್ಕುಲಿಯನ್ನೋ ಸಂಡಿಗೆಯನ್ನೋ ಹೊತ್ತು ಬರುತ್ತಿತ್ತು. ಹೊಸದನ್ನು ಹುಡುಕಿ ತರುವುದನ್ನು ಅವಳು ಬಿಡಲಿಲ್ಲ. ತಂದದ್ದೆಲ್ಲ ಊರು ಸುತ್ತುತ್ತಿತ್ತು, ಅಷ್ಟೇ.

ಮೊಟ್ಟಮೊದಲು ಜೋಡಿಮೊಲದ ಡಬ್ಬಿ ಹೋಗಿ ಬಂದ ದಿನ ದ್ಯಾವಮ್ಮನಿಗೆ ಒಳಗೊಳಗೇ ಪುಕುಪುಕು. ಯಾವುದೋ ಮಗುವಿನ ಕೈಯಿಂದ ಬಿದ್ದು ಡಬ್ಬಿಯ ಮೂಲೆಯಲ್ಲಿ ದೊಡ್ಡ ತಗ್ಗಾಗಿತ್ತು, ಒಂದು ಮೊಲದ ಕಿವಿಯ ಬಣ್ಣ ಎದ್ದುಹೋಗಿತ್ತು. ಹೊನ್ನಾಜಿ ಆ ಕಿವಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಮುಚ್ಚಳ ತೆಗೆದು, ಒಳಗಿದ್ದ ಕೋಡುಬಳೆಯೊಂದನ್ನು ಮುರಿದು, ಅರ್ಧವನ್ನು ಅವ್ವನ ಬಾಯಿಗಿಟ್ಟಳು.

"ಉಪ್ಪು ಒಂಚೂರು ಮುಂದಾಗಿದೆ" ಎಂದಳು.